ಗಿರಾಕಿಗಳೇ ಕೀಳುತ್ತಿದ್ದ ಸೀಬೆ ತೋಟ

ನನ್ನ ಅಕ್ಕನ ಮೊಮ್ಮಗ ಈಚೆಗೆ ಒಂದು ಹಣ್ಣಿನ ತೋಟದಲ್ಲಿ ಕೆಲಸಕ್ಕೆ ಸೇರಿದ್ದಾನೆ. ರಜಾ ದಿನಗಳಲ್ಲಿ ಪಟ್ಟಣದವರು ಅಲ್ಲಿಗೆ ಬಂದು ಬೇಕಾದ ಹಣ್ಣನ್ನು ತಾವೇ ಕಿತ್ತುಕೊಂಡು ಹೋಗುತ್ತಾರಂತೆ. ಇದು ಹೊಸ ಪದ್ಧತಿ, ನಿಮ್ಮ ಕಾಲದಲ್ಲಿ ಇರಲಿಲ್ಲ ಎಂದ. ಇತ್ತು ಎಂದೆ. ಹಾಗಾದರೆ ಬರೆದುಕೊಡಿ ತಾತಾ, ನಮ್ಮ ಜೊತೆ ಸೇರಿದವರಿಗೂ ಉಪಯೋಗವಾಗುತ್ತದೆ ಎಂದ.

ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಾನೂ ಶಾಲೆಯಲ್ಲಿ ಕಲಿತದ್ದು ತಮಿಳೇ. ಕನ್ನಡ ಅಕ್ಷರ ಕಲಿಸಿದವಳು ನನ್ನ ಹೆಂಡತಿ ಪುಟ್ಟಮ್ಮ. ಅವಳು ತಾಳವಾಡಿ ಕಡೆಯವಳು, ಅಲ್ಲಿ ನಾಲ್ಕನೇ ತರಗತಿ ಓದಿದ್ದಳು. ಹೋದ ಮಾರ್ಗಶಿರದಲ್ಲಿ ತೀರಿಕೊಂಡಳು. ಈಗ ನಾನು ಗಣಪತಿ ಎಂಬ ಬಡಾವಣೆಯಲ್ಲಿ ಅಕ್ಕನ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಎಲ್ಲರೂ ಮಾತನ್ನು ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಮುಗಿಸುತ್ತಾರೆ. ಪೂರ್ತಿ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ನಾವಿಬ್ಬರೇ. ಆದ್ದರಿಂದ ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಹುಡುಗನಿಗೆ ಯಾರಾದರೂ ಓದಿ ಹೇಳಲಿ.

ತೋಟದ ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದದ್ದು, ಹಣ್ಣು ಕೀಳುವುದು ಈ ಕೆಲಸದಲ್ಲಿ ಬಹಳ ಸಣ್ಣ ಭಾಗ. ಉಳಿದದ್ದೆಲ್ಲ ನೀರು, ಅಳಿಲು, ಬಾವಲಿ ಮತ್ತು ಯಜಮಾನರು.

ನಮ್ಮ ತೋಟ ಪೋತ್ತನೂರು ಜಂಕ್ಷನ್ನಿನಿಂದ ಎರಡು ಮೈಲಿ ದೂರದಲ್ಲಿತ್ತು. ಹೆಚ್ಚಾಗಿ ಸೀಬೆ, ಬೇಲಿಯ ಪಕ್ಕ ಒಂದು ಸಾಲು ದಾಳಿಂಬೆ. ಯಜಮಾನರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಮಾತಾಡುವವರು. ಅವರ ತಾತನ ಕಾಲಕ್ಕೆ ಬೇಸಾಯ, ಇವರ ಕಾಲಕ್ಕೆ ತಿರುಪ್ಪೂರಿನಲ್ಲಿ ಹತ್ತಿ ವ್ಯಾಪಾರ. ಶುಕ್ರವಾರ ಮಾತ್ರ ರೇಕ್ಲಾ ಎಂಬ ಹಗುರ ಎತ್ತಿನಗಾಡಿಯಲ್ಲಿ ತೋಟಕ್ಕೆ ಬರುತ್ತಿದ್ದರು. ಪಂಚೆಯ ಮೇಲೆ ಕೋಟು ಹಾಕಿಕೊಂಡು, ಎರಡು ಕೈ ಸೊಂಟದ ಮೇಲಿಟ್ಟು ಒಂದು ಕಡೆ ನಿಂತು ನೋಡುತ್ತಿದ್ದರು. ಮಾತು ಬಹಳ ಕಡಿಮೆ.

ತೋಟದ ಮೇಸ್ತ್ರಿ ನನ್ನ ಮಾವ ಮಾದಪ್ಪನವರು. ತಾಳವಾಡಿಯ ಜಮೀನು ಅಣ್ಣನ ಮಕ್ಕಳ ಪಾಲಾದ ಮೇಲೆ, ತಾಯಿಯಿಲ್ಲದ ಮಗಳನ್ನು ಕರೆದುಕೊಂಡು ಬೆಟ್ಟದಿಂದ ಇಳಿದು ಬಂದಿದ್ದರು. ಕರುಮತ್ತಂಪಟ್ಟಿ ಹತ್ತಿರ ಹತ್ತಿ ಬೆಳೆಯುತ್ತಿದ್ದ ಮನೆಯಲ್ಲಿ ನಾನು ನಾಲ್ಕನೆಯ ಮಗ. ನಾಲ್ಕನೆಯವನಿಗೆ ಅಲ್ಲಿ ಕೆಲಸವಿರಲಿಲ್ಲ. ಮದುವೆಯಾಗಿ ಮನೆ ಅಳಿಯನಾಗಿ ತೋಟಕ್ಕೆ ಬಂದೆ. ಬಾವಿಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ನಾವು ಮೂವರೂ ಇದ್ದೆವು.

ತೋಟದ ಅರ್ಧಕ್ಕಿಂತ ಹೆಚ್ಚು ಸೀಬೆ ಮರಗಳು ಮಾವ ಗೂಟಿ ಕಟ್ಟಿ ಮಾಡಿದವು. ಕೊಂಬೆಯ ತೊಗಟೆ ಬಿಡಿಸಿ, ಮಣ್ಣು ಮೆತ್ತಿ, ಗೋಣಿ ಸುತ್ತಿ, ಅಲ್ಲೇ ಬೇರು ಬರಿಸಿ ಕತ್ತರಿಸಿ ನೆಡುವುದಕ್ಕೆ ಗೂಟಿ ಎನ್ನುತ್ತಾರೆ. ಯಾವ ಮರ ಯಾವ ಮರದ ಮಗಳು ಎಂದು ಮಾವ ಹೇಳಬಲ್ಲವರಾಗಿದ್ದರು. ನಾನು ಈಗಲೂ ಹೇಳಲಾರೆ.

ಅವರ ಕಣ್ಣು ಹೋಗಿದೆ ಎಂದು ನಮಗೆ ಗೊತ್ತಾದದ್ದು ಹೀಗೆ. ಯಜಮಾನರ ಹಳೆಯ ಕೋಟೊಂದನ್ನು ಪುಟ್ಟಮ್ಮ ಬೆದರುಬೊಂಬೆಗೆ ತೊಡಿಸಿ ನಾಲ್ಕನೇ ಸಾಲಿನಲ್ಲಿ ನಿಲ್ಲಿಸಿದ್ದಳು. ಬೊಂಬೆಯ ಕೈಗಳು ಸೊಂಟದ ಮೇಲೆ ಬರುವ ಹಾಗೆ ಕೋಲು ಕಟ್ಟಿದ್ದಳು. ಅದು ಅವಳ ತಮಾಷೆ. ಒಂದು ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಪಾತಿ ತೆಗೆಯುತ್ತಿದ್ದಾಗ ಮಾವ ಬೊಂಬೆಯ ಮುಂದೆ ಹೋಗಿ ಹೆಗಲ ಮೇಲಿನ ಟವಲು ಇಳಿಸಿ ಕೈಮುಗಿದರು. "ಬುದ್ಧಿ, ಮೂರನೇ ಸಾಲಿಗೆ ನೀರು ಸಾಲ್ದು. ಕಾಲುವೆ ಒಂದು ಗೇಣು ಎತ್ತರ ಮಾಡಬೇಕು," ಎಂದರು. ಗೊಬ್ಬರದ ವಿಷಯವನ್ನೂ ಹೇಳಿದರು. ಬೊಂಬೆ ಏನೂ ಹೇಳಲಿಲ್ಲ. ಯಜಮಾನರೂ ಸಾಮಾನ್ಯವಾಗಿ ಏನೂ ಹೇಳುತ್ತಿರಲಿಲ್ಲವಾದ್ದರಿಂದ ಮಾವನಿಗೆ ಅನುಮಾನ ಬರಲಿಲ್ಲ. ಇನ್ನೊಮ್ಮೆ ಕೈಮುಗಿದು ಮುಂದಕ್ಕೆ ಹೋದರು.

ನನಗೆ ನಗು ಬಂತು. ಪುಟ್ಟಮ್ಮನ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಕೇಳಿದಳು. "ಅಪ್ಪಾ, ಎಷ್ಟು ಕಾಣುತ್ತೆ?"

"ಬೆಳಕು ಕಾಣುತ್ತೆ. ನೆರಳು ಕಾಣುತ್ತೆ."

"ನಾನು?"

"ನೀನು ಮಾತಾಡಿದ್ರೆ ಕಾಣ್ತೀಯ."

ಯಜಮಾನರಿಗೆ ಹೇಳುವ ಹಾಗಿರಲಿಲ್ಲ. ಹಿಂದಿನ ವರ್ಷ ಕಪಿಲೆ ಓಡಿಸುವ ಆಳಿನ ಕೈ ಹಗ್ಗಕ್ಕೆ ಸಿಕ್ಕಿ ಎರಡು ಬೆರಳು ಹೋಗಿತ್ತು. ಕಪಿಲೆ ಎಂದರೆ ಎತ್ತು ಕಟ್ಟಿ ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಎಳೆಯುವುದು. ಯಜಮಾನರು ಅವನಿಗೆ ಒಂದು ಮೂಟೆ ಜೋಳ ಕೊಟ್ಟು, ಊರಿಗೆ ಹೋಗಲು ತಮ್ಮದೇ ಗಾಡಿ ಕಟ್ಟಿಸಿಕೊಟ್ಟರು. "ತೋಟ ಛತ್ರವಲ್ಲ," ಎಂದರು. ಅವರು ಕೆಟ್ಟವರಲ್ಲ. ಗಾಡಿ ಒಳ್ಳೆಯ ಗಾಡಿಯೇ. ಆದರೆ ಆ ಆಳಿಗೆ ಹೋಗಲು ಒಂದು ಊರಿತ್ತು. ಮಾವನಿಗೆ ಇರಲಿಲ್ಲ.

ಕೀಳುವ ಕಾಲ ಹತ್ತಿರ ಬಂದಿತ್ತು. ಮರದ ಕೆಳಗೆ ನಿಂತು, ಬಣ್ಣ ನೋಡಿ, ಯಾವುದು ಇಂದಿನ ಹಣ್ಣು ಯಾವುದು ನಾಳಿನದು ಎಂದು ಆಳುಗಳಿಗೆ ತೋರಿಸುವುದು ಮೇಸ್ತ್ರಿಯ ಕೆಲಸ. ಮೇಸ್ತ್ರಿ ಬೆರಳು ತೋರಿಸದೆ ಕೊಯ್ಲು ಇಲ್ಲ. ಮಾವನಿಗೆ ಮುಟ್ಟಿದರೆ ಗೊತ್ತಾಗುತ್ತಿತ್ತು, ಮೂಸಿದರೆ ಇನ್ನೂ ಚೆನ್ನಾಗಿ. ಆದರೆ ದೂರದಿಂದ ಬೆರಳು ತೋರಿಸುವುದು ಆಗದ ಮಾತು. ಏನು ಮಾಡುವುದೆಂದು ನಾವು ಮೂರು ದಿನ ಯೋಚಿಸಿದೆವು. ಗಿರಾಕಿಗಳೇ ಕಿತ್ತುಕೊಂಡರೆ ಮೇಸ್ತ್ರಿ ಬೆರಳು ತೋರಿಸಬೇಕಾಗಿಲ್ಲ. ಉಪಾಯ ಪುಟ್ಟಮ್ಮನದು, ಸುಳ್ಳು ನನ್ನದು.

ಶುಕ್ರವಾರ ಯಜಮಾನರಿಗೆ ಹೇಳಿದೆ. "ಪೋತ್ತನೂರಿನ ರೈಲ್ವೆಯವರು ತೋಟಕ್ಕೇ ಬಂದು ತಾವೇ ಕಿತ್ಕೊಳ್ತೀವಿ ಅಂತಾರೆ."

"ಯಾಕೆ, ನಾವು ಕಿತ್ರೆ ಕಹಿಯಾ?"

"ಮರದಿಂದ ಕೀಳೋಕೆ ಅವರಿಗೆ ಆಸೆಯಂತೆ."

"ಅದಕ್ಕೆ ನಾವು ಅವರಿಗೆ ಕೂಲಿ ಕೊಡಬೇಕಾ?"

"ಇಲ್ಲ. ಬುಟ್ಟಿಗೆ ಇಷ್ಟು ಅಂತ ಅವರೇ ಕೊಡ್ತಾರೆ."

ಯಜಮಾನರು ಸ್ವಲ್ಪ ಹೊತ್ತು ದಾಳಿಂಬೆ ಸಾಲಿನ ಕಡೆ ನೋಡಿದರು. "ದುಡ್ಡು ಕೊಟ್ಟು ಕೂಲಿ ಮಾಡ್ತಾರಾ," ಎಂದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ರೈಲ್ವೆಯಲ್ಲಿ ಕೆಲಸ ಕಮ್ಮಿ ಅಂತ ಕಾಣುತ್ತೆ. ಬರಲಿ," ಎಂದರು.

ರೈಲ್ವೆಯವರು ಯಾರೂ ಹಾಗೆ ಕೇಳಿರಲಿಲ್ಲ. ಮಾರನೆಯ ದಿನ ನಾನು ಪೋತ್ತನೂರಿಗೆ ನಡೆದು ಹೋಗಿ, ರೈಲ್ವೆ ಮನೆಗಳ ಬಾಗಿಲು ಬಾಗಿಲಿಗೂ ಹೇಳಿ ಬಂದೆ. ಭಾನುವಾರ ಒಂಬತ್ತು ಮನೆಯವರು ಬಂದರು. ನನ್ನ ಸುಳ್ಳು ಸುಳ್ಳಾಗಿದ್ದದ್ದು ಎರಡೇ ದಿನ.

ಹುಡುಗರು ತಿಳಿಯಲಿ ಎಂದು ಮೊದಲ ವಾರದ ನನ್ನ ತಪ್ಪನ್ನೂ ಬರೆಯುತ್ತೇನೆ. ಬಂದವರಿಗೆ "ನಿಮಗೆ ಬೇಕಾದ್ದು ಕಿತ್ಕೊಳ್ಳಿ" ಎಂದೆ. ಒಂದು ಮನೆಯವರಿಗೆ ಉಪ್ಪಿನಕಾಯಿ ಬೇಕಾಗಿತ್ತು. ಒಂದು ಮರದ ಎಳೆ ಕಾಯಿಗಳನ್ನೆಲ್ಲ, ಗೋಲಿಯಷ್ಟು ದಪ್ಪದವನ್ನೂ ಬಿಡದೆ, ಸೀರೆಯ ಸೆರಗಿನಲ್ಲಿ ತುಂಬಿಕೊಂಡರು. ಸಂಜೆ ಮಾವ ಆ ಮರದ ಕೊಂಬೆಗಳನ್ನು ಒಂದೊಂದಾಗಿ ತುದಿಯವರೆಗೂ ತಡವಿದರು. ಆ ದಿನ ಊಟ ಮಾಡಲಿಲ್ಲ. ಗಿರಾಕಿಗೆ ಬೇಕಾದ್ದು ಎಂದು ಎಂದೂ ಹೇಳಬೇಡಿ. ಮರ ಕೊಡುವುದು ಎಂದು ಹೇಳಿ.

ಮುಂದಿನ ವಾರದಿಂದ ಮಾವನೇ ಗೇಟಿನ ಪಕ್ಕದ ಚಪ್ಪಡಿಯ ಮೇಲೆ ಕೂತು ಎಲ್ಲರಿಗೂ ಪಾಠ ಹೇಳಿದರು. "ಹಣ್ಣು ಹಿಡಿ. ಎಳೀಬೇಡ, ತಿರುಚಬೇಡ. ಮೆತ್ತಗೆ ಮೇಲಕ್ಕೆ ಎತ್ತು. ಬಂದ್ರೆ ನಿಂದು. ಬರದಿದ್ರೆ ಮರದ್ದು." ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಆಮೇಲೆ ಯಾವ ಅಧಿಕಾರಿಯ ಬಾಯಲ್ಲೂ ಕೇಳಲಿಲ್ಲ. ಹೊರಗೆ ಹೋಗುವಾಗ ಬುಟ್ಟಿಯನ್ನು ಅವರ ಮುಂದೆ ಇಡಬೇಕಿತ್ತು. ಒಳಗೆ ಕೈ ಹಾಕಿ, ಅಡಿಯಲ್ಲಿ ಬಚ್ಚಿಟ್ಟ ಕಾಯನ್ನೇ ಎತ್ತಿ, "ಇದು ನಾಡಿದ್ದಿಂದು. ಯಾಕೆ ಕಿತ್ತೆ?" ಎನ್ನುತ್ತಿದ್ದರು. ಕಿತ್ತವರ ಮುಖ ನೋಡುತ್ತಿರಲಿಲ್ಲ. ಮುಖ ನೋಡಿ ಮಾತಾಡದ ನ್ಯಾಯಸ್ಥರು ಎಂದು ಪೋತ್ತನೂರಿನಲ್ಲಿ ಹೆಸರಾಯಿತು.

ಬರುವವರು ನಾನಾ ತರ. ಒಬ್ಬ ಸ್ಕೂಲು ಮೇಷ್ಟರು ಎರಡು ಗಂಟೆ ಸುತ್ತಿ ಒಂದೇ ಹಣ್ಣು ಕಿತ್ತು ತಂದರು. ಉಳಿದವು ಇನ್ನೂ ಸುಧಾರಿಸಬಹುದು ಎಂದರು. ಭಾವ ಭಾವಮೈದ ಇಬ್ಬರು ಒಂದೇ ಹಣ್ಣಿಗೆ ಕೈ ಹಾಕಿ, ಅಲ್ಲೇ ತಂಗಿಯ ಮದುವೆಯ ಹಳೆಯ ಜಗಳ ತೆಗೆದರು. ಅವರ ಜಗಳ ಮುಗಿಯುವಷ್ಟರಲ್ಲಿ ಹಣ್ಣನ್ನು ಅಳಿಲು ತಿಂದಿತ್ತು.

ತಪ್ಪದೆ ಪ್ರತಿ ಭಾನುವಾರ ಬರುತ್ತಿದ್ದವರು ಒಬ್ಬ ರೈಲ್ವೆ ಗಾರ್ಡಿನ ಹೆಂಡತಿ. ನಾವು ಗಾರ್ಡಮ್ಮ ಎನ್ನುತ್ತಿದ್ದೆವು. ದೊಡ್ಡ ಮೈ, ದೊಡ್ಡ ದನಿ. ಮಾವನನ್ನು ಮಾತಾಡಿಸದೆ ಒಳಗೆ ಹೋಗುತ್ತಿರಲಿಲ್ಲ. ಅವರದು ತಮಿಳು, ಮಾವನ ತಮಿಳೂ ಅರ್ಧ ಕನ್ನಡವೇ, ಆದರೂ ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

"ಏನು ತಾತಾ, ಹೊಸ ಸೀರೆ ಉಟ್ಟು ಬಂದಿದ್ದೀನಿ, ಒಂದು ಮಾತಿಲ್ಲ."

"ಸೀರೆ ಹಣ್ಣಾಗಲಿ, ಹೇಳ್ತೀನಿ."

"ನಮ್ಮ ಗಾರ್ಡೂ ಹೀಗೇ. ಕೆಂಪು ಬಾವುಟ ಹಸಿರು ಬಾವುಟ ಬಿಟ್ರೆ ಅವರ ಕಣ್ಣಿಗೆ ಏನೂ ಬೀಳಲ್ಲ."

"ಅವರಿಗೆ ಎರಡಾದ್ರೂ ಬೀಳುತ್ತೆ," ಎಂದರು ಮಾವ. ಗಾರ್ಡಮ್ಮ ನಕ್ಕರು. ಬುಟ್ಟಿ ಕೊಡುತ್ತಿದ್ದ ಪುಟ್ಟಮ್ಮ ತಲೆ ತಗ್ಗಿಸಿದಳು.

ಹೀಗೆ ಎರಡು ಕೊಯ್ಲು ನಡೆಯಿತು. ಮರಗಳಿಗೆ ಕೆಡುಕಾಗಲಿಲ್ಲ. ಯಜಮಾನರು ತಮ್ಮ ಬೀಗರನ್ನು ಕರೆತಂದು, ಹಣ ಕೊಟ್ಟು ಕೂಲಿ ಮಾಡುವವರನ್ನು ತೋರಿಸಿದರು. ಬೀಗರು ಬಹಳ ಹೊತ್ತು ನೋಡಿದರು.

ಆಮೇಲೆ ಮೋಟರು ಬಂತು. ಕರೆಂಟಿನ ಕಂಬಗಳು ತೋಟದವರೆಗೂ ಬಂದು, ಕಪಿಲೆ ನಿಂತು, ಎತ್ತುಗಳನ್ನು ಮಾರಿ, ಬಾವಿಯ ಪಕ್ಕ ಪಂಪು ಕೂರಿಸಿದರು. ಮೂರು ದಿನದ ನೀರು ಒಂದು ಬೆಳಿಗ್ಗೆ ಆಗುತ್ತಿತ್ತು. ಎಲ್ಲರಿಗೂ ಸಂತೋಷವಾಯಿತು. ಆದರೆ ಮಾವ ಅಲ್ಲಿಯವರೆಗೆ ತೋಟವನ್ನು ಕಿವಿಯಿಂದ ನೋಡುತ್ತಿದ್ದರು. ಕಪಿಲೆಯ ಕಿರುಗುಟ್ಟುವಿಕೆ, ಯಾವ ಕಾಲುವೆಯಲ್ಲಿ ನೀರು ಹೋಗುತ್ತಿದೆ, ಯಾರು ಯಾವ ಸಾಲಿನಲ್ಲಿ ನಡೆಯುತ್ತಿದ್ದಾರೆ, ಎಲ್ಲ ಅವರಿಗೆ ಕೇಳುತ್ತಿತ್ತು. ಮೋಟರು ಓಡುವಾಗ ಏನೂ ಕೇಳದು. ಮೊದಲ ದಿನವೇ ಕಾಲುವೆಗೆ ಬಿದ್ದರು. ಯಾರಾದರೂ ಕೇಳಿದರೆ ಸ್ನಾನ ಎಂದು ಹೇಳು ಎಂದರು.

ಪುಟ್ಟಮ್ಮ ಸಾಲಿನ ಬಾಯಿಗೊಂದು ಗಿಡ ನೆಟ್ಟಳು. ಮೊದಲನೆಯದಕ್ಕೆ ತುಳಸಿ, ಎರಡಕ್ಕೆ ಮರುಗ, ಮೂರಕ್ಕೆ ಕಾಮಕಸ್ತೂರಿ, ನಾಲ್ಕಕ್ಕೆ ನಿಂಬೆಹುಲ್ಲು, ಐದಕ್ಕೆ ದವನ. ಕಾಲಿಗೆ ತಾಗಿದರೆ ವಾಸನೆ ಬರುತ್ತದೆ, ಯಾವ ಸಾಲು ಎಂದು ತಿಳಿಯುತ್ತದೆ. ಗಿರಾಕಿಗಳು ಅಲಂಕಾರ ಎಂದುಕೊಂಡರು. ಯಜಮಾನರು ಮೂಸಿ ನೋಡಿ, "ದೇವಸ್ಥಾನ ಮಾಡಿಬಿಟ್ರಿ," ಎಂದರು. ಅದು ಮೆಚ್ಚುಗೆಯೋ ಅಲ್ಲವೋ ಈವರೆಗೂ ನನಗೆ ಗೊತ್ತಾಗಿಲ್ಲ.

ಇನ್ನೊಂದು ಕಟ್ಟಳೆಯನ್ನೂ ಅವಳೇ ಮಾಡಿದಳು. ತೋಟದಲ್ಲಿ ಯಾವ ವಸ್ತುವನ್ನೂ, ಬುಟ್ಟಿಯಾಗಲಿ ಗುದ್ದಲಿಯಾಗಲಿ, ಅಪ್ಪನಿಗೆ ಹೇಳದೆ ಜರುಗಿಸಬಾರದು. ಏಣಿಗಳನ್ನಂತೂ ಮಾವನೇ ಇಡುತ್ತಿದ್ದರು. ಎತ್ತರದ ಹಳೆಯ ಮರಗಳಿಗೆ ಬಿದಿರಿನ ಏಣಿ ಎರಡಿದ್ದವು. ಬೆಳಿಗ್ಗೆ ಗಟ್ಟಿ ನೆಲ ತುಳಿದು ನೋಡಿ, ಏಣಿಯ ಕಾಲಿಗೆ ಎರಡು ಗುಳಿ ತೋಡಿ, ನೆಟ್ಟು, ತಾವೇ ಎರಡು ಮೆಟ್ಟಿಲು ಹತ್ತಿ ಕುಲುಕಿ ನೋಡುತ್ತಿದ್ದರು. ಆಮೇಲೆ ಗೇಟಿನಲ್ಲಿ ಕೂತು ಜನರನ್ನು ಕಳಿಸುತ್ತಿದ್ದರು.

ಆ ಭಾನುವಾರ ಮೋಟರು ಬೇಗ ಶುರುವಾಗಿತ್ತು. ಎರಡನೇ ಸಾಲಿನಲ್ಲಿ ಮಾವ ಏಣಿ ನೆಟ್ಟ ಮರದಲ್ಲಿ ಹಣ್ಣು ಕಮ್ಮಿ ಇತ್ತು. ಮೂರನೇ ಸಾಲಿನ ಮರದ ತುದಿಯಲ್ಲಿ ಬೆಳ್ಳಗೆ ಗೊಂಚಲು ಕಾಣುತ್ತಿತ್ತು. ನಾನು ಏಣಿಯನ್ನು ಎತ್ತಿ ಅಲ್ಲಿಗೆ ಒರಗಿಸಿದೆ. ಗುಳಿ ತೋಡಲಿಲ್ಲ. ಮಾವ ತೋಟದ ಆ ಕೊನೆಯಲ್ಲಿದ್ದರು, ಮೋಟರಿನ ಸದ್ದಿನಲ್ಲಿ ಕೂಗಿದರೆ ಕೇಳದು, ಹತ್ತಿರ ಹೋದಾಗ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಯಾರೋ ಬುಟ್ಟಿ ಕೇಳಿದರು. ಮರೆತೆ. ಕಾಲುವೆ ಒಡೆದು ಮೂರನೇ ಸಾಲಿಗೆ ನೀರು ನುಗ್ಗಿದ್ದನ್ನು ಆಳೊಬ್ಬ ಬಂದು ಹೇಳಿದ. ಹೋಗಿ ಮೋಟರು ನಿಲ್ಲಿಸಿದೆ. ಆಗಲೂ ಏಣಿ ನೆನಪಾಗಲಿಲ್ಲ.

ಗಾರ್ಡಮ್ಮ ಗೇಟಿನಲ್ಲಿ ಮಾವನನ್ನು ಕೇಳಿದರಂತೆ. "ತಾತಾ, ಏಣಿ ನನ್ನ ತಡೆಯುತ್ತಾ?"

"ಬೆಳಿಗ್ಗೆ ನಾನೇ ನೆಟ್ಟಿದ್ದು. ಆನೆ ಹತ್ತಿದ್ರೂ ಅಲ್ಲಾಡಲ್ಲ."

"ಆನೆ ಅಂತ ಕಾಣದೇ ಹೇಳ್ತೀರೋ ಕಂಡೇ ಹೇಳ್ತೀರೋ," ಎಂದು ನಗುತ್ತ ಒಳಗೆ ಹೋದರು. ನಾಲ್ಕು ಮೆಟ್ಟಿಲು ಹತ್ತಿದರು. ಏಣಿಯ ಒಂದು ಕಾಲು ಕೆಸರಿನಲ್ಲಿ ಇಳಿಯಿತು. ಗಾರ್ಡಮ್ಮ ಬಿದ್ದರು, ಎಡಗೈ ಮಣಿಕಟ್ಟು ಮುರಿಯಿತು. ಅವರು ಕೂಗಲಿಲ್ಲ. ಬಿದ್ದಲ್ಲೇ ಕೂತು, "ಬುಟ್ಟಿ ನೋಡಿ, ಹಣ್ಣು ಚೆಲ್ಲಿತು," ಎಂದರು. ಪುಟ್ಟಮ್ಮ ಬೇರೊಬ್ಬ ಗಿರಾಕಿಯ ಜಟ್ಕಾದಲ್ಲಿ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು.

ಯಜಮಾನರು ಭಾನುವಾರ ಬರುವವರಲ್ಲ. ಆ ಭಾನುವಾರ ಯಾರದೋ ಮದುವೆ ಮುಗಿಸಿಕೊಂಡು ಆ ದಾರಿಯಲ್ಲಿ ಬಂದರು. ನೀರಿನಲ್ಲಿ ಬಿದ್ದಿದ್ದ ಏಣಿಯನ್ನು ನೋಡಿದರು. ಗೇಟಿಗೆ ಬಂದರು. ನಾನು ಗುದ್ದಲಿ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ.

"ಏಣಿ ಅಲ್ಲಿಟ್ಟದ್ದು ಯಾರು?"

ತಾವು ಎಲ್ಲಿ ನೆಟ್ಟಿದ್ದರು ಎಂಬುದು ಮಾವನಿಗೆ ಗೊತ್ತಿತ್ತು. ತೋಟದಲ್ಲಿ ಏಣಿ ಎತ್ತುವ ಇನ್ನೊಬ್ಬ ನಾನೇ ಎಂಬುದೂ ಗೊತ್ತಿತ್ತು.

"ನಾನೇ, ಬುದ್ಧಿ."

"ಇಲ್ಲಿಂದ ಕಾಣುತ್ತಲ್ಲ, ಏಣಿ ಕಾಲಡಿ ನೀರು ನಿಂತಿರೋದು. ಕಂಡೂ ಆ ಅಮ್ಮನ್ನ ಕಳಿಸಿದೆಯಾ?"

"ಕಾಣಲಿಲ್ಲ. ನನಗೆ ಕಣ್ಣು ಕಾಣದು ಬುದ್ಧಿ. ಎರಡು ವರ್ಷದ ಮೇಲಾಯ್ತು."

ಯಜಮಾನರು ಸೊಂಟದಿಂದ ಕೈ ತೆಗೆದರು. ಮೊದಲ ಸಾಲಿನಿಂದ ಐದನೆಯ ಸಾಲಿನವರೆಗೂ ನೋಡಿದರು. "ಹಾಗಾದ್ರೆ ಈ ಮರಗಳ ತುದಿ ಕತ್ತರಿಸಿದ್ದು?"

"ನಾನೇ."

"ಕಾಣದೆ?"

"ಕಾಣದೆ."

ಯಜಮಾನರು ಹತ್ತಿರದ ಕೊಂಬೆಯೊಂದನ್ನು ಬಗ್ಗಿಸಿ ಕತ್ತರಿಸಿದ ತುದಿಯನ್ನು ನೋಡಿದರು. ಮೋಟರು ನಿಂತಿತ್ತು. ನಾನು ಹೇಳಿದ್ದರೆ ಇಬ್ಬರಿಗೂ ಕೇಳುತ್ತಿತ್ತು. ಏಣಿ ಜರುಗಿಸಿದ್ದು ನಾನು ಎಂದು ಹೇಳಿದರೆ ಮಾವನ ಕಣ್ಣಿನ ವಿಷಯವನ್ನು ಹೇಗೂ ಇನ್ನು ಮುಚ್ಚಿಡಲಾಗದು, ಇಬ್ಬರನ್ನೂ ಕಳಿಸುತ್ತಾರೆ, ಆಮೇಲೆ ಪುಟ್ಟಮ್ಮನ ಗತಿಯೇನು ಎಂದು ಯೋಚಿಸಿದೆ ಎಂದು ಬರೆಯಬಹುದು. ಅದನ್ನೆಲ್ಲ ನಾನು ಯೋಚಿಸಿದ್ದು ಆಮೇಲೆ. ಆಗ ಗುದ್ದಲಿಯ ಹಿಡಿಯನ್ನು ನೋಡುತ್ತಿದ್ದೆ.

"ತೋಟಕ್ಕೆ ಕಣ್ಣು ಬೇಕು," ಎಂದರು ಯಜಮಾನರು. ನನ್ನ ಕಡೆ ತಿರುಗಿದರು. "ನಾಳೆಯಿಂದ ನೀನು ಮೇಸ್ತ್ರಿ. ಮೇಸ್ತ್ರಿ ಮನೆಯಲ್ಲಿ ಮಾವ ಇದ್ರೆ ನಾನು ಬೇಡ ಅನ್ನಲ್ಲ. ಆದ್ರೆ ಮಾದಪ್ಪ ಇನ್ನು ಮರ ಮುಟ್ಟಬಾರದು." ಗಾಡಿ ಹತ್ತಿ ಹೋದರು.

ಹೀಗೆ ನಾವು ಎರಡು ವರ್ಷ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆವೋ ಅದು, ಮಾವ ತೋಟದಲ್ಲಿ ಉಳಿಯುವುದು, ಆಯಿತು. ಮರಗಳು ಮಾತ್ರ ಅವರಿಗಿಲ್ಲವಾದವು.

ಸಂಜೆ ಪುಟ್ಟಮ್ಮ ಆಸ್ಪತ್ರೆಯಿಂದ ಬಂದಳು. ವಿಷಯ ಕೇಳಿ ಒಲೆ ಹಚ್ಚಿದಳು. ಮುದ್ದೆ ಬಡಿಸಿದ ಮೇಲೆ, "ಏಣಿ ಮೂರನೇ ಸಾಲಿಗೆ ಯಾಕೆ ಇಟ್ಟೆ ಅಪ್ಪಾ? ಅಲ್ಲಿ ನೆಲ ಮೆತ್ತಗೆ ಅಂತ ನೀನೇ ಹೇಳ್ತಿದ್ದೆ," ಎಂದಳು.

"ವಯಸ್ಸಾಯ್ತು ಮಗಾ," ಎಂದರು ಮಾವ. ನನ್ನ ಕಡೆ ತಿರುಗಲಿಲ್ಲ. ಊಟ ಮುಗಿಸಿದರು. ನಾನೂ ಮುಗಿಸಿದೆ.

ಮಾವ ಆಮೇಲೆ ಆರು ವರ್ಷ ಬದುಕಿದರು. ಯಜಮಾನರ ಮಾತು ಮೀರಲಿಲ್ಲ. ಮನೆಯ ಬಾಗಿಲಲ್ಲಿ ಕೂತಿರುತ್ತಿದ್ದರು. ಪಕ್ಕದಿಂದ ಒಂದು ಸೀಬೆ ಕೊಂಬೆ ಬಾಗಿತ್ತು, ಗಾಳಿಗೆ ಹೆಗಲಿಗೆ ತಾಗುತ್ತಿತ್ತು. ತಾಗಿದರೆ ಸ್ವಲ್ಪ ಮುಂದೆ ಜರುಗಿ ಕೂರುತ್ತಿದ್ದರು. ಯಾವುದು ಹಣ್ಣಾಗಿದೆ ಎಂದು ಹಳೆಯ ಗಿರಾಕಿಗಳು ಕೇಳಿದರೆ, "ಮೇಸ್ತ್ರಿನ ಕೇಳಿ," ಎನ್ನುತ್ತಿದ್ದರು. ಗಾರ್ಡಮ್ಮ ಕೈ ಕೂಡಿದ ಮೇಲೆ ಮತ್ತೆ ಬಂದರು. "ನನಗೆ ಹೇಳೋದಲ್ವಾ ತಾತಾ, ಕೈ ಹಿಡಿದು ಕರ್ಕೊಂಡು ಹೋಗ್ತಿದ್ದೆ," ಎಂದರು. ಆ ದಿನ ಹಣ್ಣು ಕೀಳದೆ ಮಾವನ ಪಕ್ಕ ಕೂತಿದ್ದು ಹೋದರು.

ಮೇಸ್ತ್ರಿಯಾದ ಮೊದಲ ಬೆಳಿಗ್ಗೆ ನಾನು ಗಟ್ಟಿ ನೆಲ ನೋಡಿ, ಗುಳಿ ತೋಡಿ, ಏಣಿ ನೆಟ್ಟು, ಹತ್ತಿ ಕುಲುಕಿ ನೋಡಿ, ಮಾವನ ಮುಂದೆ ಹೋಗಿ ನಿಂತೆ. "ದೊಡ್ಡ ಏಣಿ ಮೊದಲ ಸಾಲು, ನಾಲ್ಕನೇ ಮರ. ಸಣ್ಣದು ಐದನೇ ಸಾಲು, ಎರಡನೇ ಮರ. ಬುಟ್ಟಿಗಳು ಗೇಟಿನ ಎಡಕ್ಕೆ. ಗುದ್ದಲಿ ಪಂಪಿನ ಹಿಂದೆ," ಎಂದೆ. ಅವರಿಗೆ ಅದು ತಿಳಿಯಬೇಕಾದ ಅಗತ್ಯ ಇರಲಿಲ್ಲ. ಪೂರ್ತಿ ಕೇಳಿ, "ಸರಿ," ಎಂದರು. ಆರು ವರ್ಷ ಒಂದು ಬೆಳಿಗ್ಗೆಯೂ ಬಿಡದೆ ಹೇಳಿದೆ. ಆರು ವರ್ಷವೂ ಅವರು ಅಷ್ಟನ್ನೇ ಹೇಳಿದರು. ಏಣಿಯ ವಿಷಯ ನಮ್ಮಿಬ್ಬರ ನಡುವೆ ಬೇರೆ ಯಾವ ರೀತಿಯಲ್ಲೂ ಬರಲಿಲ್ಲ.

ಮುಂದೆ ನಾನು ಇನ್ನೆರಡು ತೋಟಗಳನ್ನು ನೋಡಿಕೊಂಡೆ. ಅದರಲ್ಲಿ ಬರೆಯುವಂಥದ್ದು ಏನಿಲ್ಲ.

ಹೋದ ಕಾರ್ತಿಕದಲ್ಲಿ ಪುಟ್ಟಮ್ಮ ಹಾಸಿಗೆ ಹಿಡಿದಾಗ ಬೀದಿಯ ಹೆಂಗಸರು ನೋಡಲು ಬರುತ್ತಿದ್ದರು. ಒಂದು ದಿನ ನಾನು ಗಂಜಿ ತೆಗೆದುಕೊಂಡು ಬಾಗಿಲಿಗೆ ಬಂದಾಗ ಅವಳು ಅವರಿಗೆ ಹೇಳುತ್ತಿದ್ದಳು. "ನಮ್ಮಪ್ಪನ ಮೇಸ್ತ್ರಿ ಕೆಲಸ ಹೋದ ಮೇಲೂ ಇವರು ದಿನಾ ಬೆಳಿಗ್ಗೆ ಹೋಗಿ, ಏಣಿ ಇಲ್ಲಿದೆ, ಬುಟ್ಟಿ ಅಲ್ಲಿದೆ ಅಂತ ಯಜಮಾನರಿಗೆ ಒಪ್ಪಿಸೋ ಹಾಗೆ ಒಪ್ಪಿಸ್ತಿದ್ರು. ಆರು ವರ್ಷ. ಅಪ್ಪನ ಮರ್ಯಾದೆ ಉಳೀಲಿ ಅಂತ. ಹೆತ್ತ ಮಗನೂ ಹಾಗೆ ಮಾಡಲ್ಲ."

ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಪುಟ್ಟಮ್ಮನೂ ನೋಡಿದಳು.

ಗಂಜಿ ಆರುತ್ತದೆ, ಕುಡಿ ಎಂದೆ.